ಕಸಿಯ ನಂತರ ಯಾವ ಕೋಶ ಚಿಕಿತ್ಸೆ? ದಾನಿಯ ಲಿಂಫೋಸೈಟ್, ಕಾರ್-ಟಿ, ಎನ್‌ಕೆ ಮತ್ತು ಎರಡನೇ ಕಸಿ

ಕಸಿಯಾದ ಎಂಟನೇ ತಿಂಗಳಲ್ಲಿ ಅಣ್ಣನ ರಕ್ತದಲ್ಲಿ ನನ್ನ ಕೋಶಗಳ ಪಾಲು ಶೇ. ನೂರರಿಂದ ತೊಂಬತ್ತೊಂದಕ್ಕೆ ಇಳಿಯಿತು. ಅವನಿಗಿದ್ದದ್ದು ಎಎಂಎಲ್, ಅಂದರೆ ತೀವ್ರ ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್. ಸ್ಟೆಮ್ ಸೆಲ್ ಕೊಟ್ಟವನು ನಾನು. ವರದಿ ನೋಡಿದ ವೈದ್ಯರು "ತಮ್ಮ ಇನ್ನೊಂದು ಸಲ ಬರಬೇಕಾಗಬಹುದು" ಅಂದರು. ಅತ್ತಿಗೆ ಅಷ್ಟರಲ್ಲಿ ಕಾರ್-ಟಿ, ಅಂದರೆ ಮಾರ್ಪಡಿಸಿದ ಟಿ-ಕೋಶಗಳ ಚಿಕಿತ್ಸೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿಕೊಂಡಿದ್ದರು. "ಅಷ್ಟು ಹೊಸ ಚಿಕಿತ್ಸೆ ಇರುವಾಗ ಮತ್ತೆ ಇವನ ರಕ್ತವೇ ಯಾಕೆ ಡಾಕ್ಟ್ರೇ?" ಎಂದು ಕೇಳಿದರು. ವೈದ್ಯರು ಎರಡೇ ನಿಮಿಷದಲ್ಲಿ ಉತ್ತರ ಹೇಳಿದರು. ಅದು ನಮ್ಮ ತಲೆಗೆ ಹೋಗಲು ಎರಡು ವಾರ ಹಿಡಿಯಿತು.

ಆ ಎರಡು ವಾರ ಬೇರೆಯವರಿಗೆ ಉಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ. ಯಾವುದನ್ನು ಆರಿಸಿಕೊಳ್ಳಬೇಕು ಎನ್ನುವುದು ಕಸಿ ತಂಡದ ಜೊತೆ ಕೂತು ತೀರ್ಮಾನಿಸುವ ವಿಷಯ. ಆದರೆ ಅವರ ಮುಂದೆ ಕೂತಾಗ ಏನು ಕೇಳಬೇಕು ಎಂದಾದರೂ ಗೊತ್ತಿರಬೇಕಲ್ಲ.

ಈಗ ಮೈಯಲ್ಲಿರುವುದು ಯಾರ ಕೋಶಗಳು?

ಎಲ್ಲ ಹೋಲಿಕೆಗೂ ಮುಂಚೆ ಬರುವ ಪ್ರಶ್ನೆ ಇದು. ಸ್ಟೆಮ್ ಸೆಲ್ ಕಸಿ ಎಂದರೆ ಒಂದೇ ಚಿಕಿತ್ಸೆಯಲ್ಲ. ಮಯೆಲೋಮಾ ಮತ್ತು ಹಲವು ಬಗೆಯ ಲಿಂಫೋಮಾಗಳಂಥ ಬೇರೆ ರಕ್ತ ಕ್ಯಾನ್ಸರ್‌ಗಳಲ್ಲಿ ರೋಗಿಯದೇ ಸ್ಟೆಮ್ ಸೆಲ್‌ಗಳನ್ನು ಮೊದಲು ತೆಗೆದಿಟ್ಟು, ದೊಡ್ಡ ಪ್ರಮಾಣದ ಕೀಮೋ ಕೊಟ್ಟು, ಆಮೇಲೆ ಅವನ್ನೇ ಹಿಂತಿರುಗಿಸುತ್ತಾರೆ. ಅಲ್ಲಿ ಕೆಲಸ ಮಾಡುವುದು ಕೀಮೋ, ಕೋಶಗಳು ಮಜ್ಜೆಯನ್ನು ಮತ್ತೆ ಕಟ್ಟುವುದಕ್ಕೆ ಮಾತ್ರ. ದಾನಿಯೇ ಇಲ್ಲದ ಮೇಲೆ ದಾನಿಯ ಲಿಂಫೋಸೈಟ್‌ನ, ಅಂದರೆ ರಕ್ಷಣೆಯ ಕೆಲಸ ಮಾಡುವ ಬಿಳಿ ರಕ್ತಕಣದ ಮಾತು ಬರುವುದಿಲ್ಲ. ಅಂಥವರಿಗೆ ಕಾಯಿಲೆ ಮರುಕಳಿಸಿದರೆ ಕೋಶ ಚಿಕಿತ್ಸೆಗಳಲ್ಲಿ ನೇರವಾಗಿ ಕಾರ್-ಟಿ ಮುಂದೆ ಬರುತ್ತದೆ.

ಲ್ಯುಕೇಮಿಯಾಗಳಲ್ಲಿ ಸಾಮಾನ್ಯವಾಗಿ ಮಾಡುವುದು ದಾನಿಯ ಕಸಿ. ಅದರ ಬಲ ಕೀಮೋದಲ್ಲಿ ಮುಗಿಯುವುದಿಲ್ಲ. 1990ರಲ್ಲಿ ಅಂತರರಾಷ್ಟ್ರೀಯ ಮಜ್ಜೆ ಕಸಿ ದಾಖಲಾತಿಯಿಂದ ಎರಡು ಸಾವಿರಕ್ಕೂ ಹೆಚ್ಚು ರೋಗಿಗಳ ಮಾಹಿತಿ ಹೊರಬಂತು. ತದ್ರೂಪಿ ಅವಳಿಯಿಂದ ಮಜ್ಜೆ ಪಡೆದವರಲ್ಲಿ ಕಾಯಿಲೆ ಹೆಚ್ಚು ಮರುಕಳಿಸಿತ್ತು. ಟಿ-ಕೋಶಗಳನ್ನು, ಅಂದರೆ ಪರಕೀಯವಾದದ್ದರ ಮೇಲೆ ದಾಳಿ ಮಾಡುವ ಲಿಂಫೋಸೈಟ್‌ಗಳನ್ನು ಸೋಸಿ ತೆಗೆದ ಮಜ್ಜೆ ಪಡೆದವರಲ್ಲೂ ಹಾಗೆಯೇ ಆಗಿತ್ತು. ಹೊಂದಾಣಿಕೆ ತೀರಾ ಚೆನ್ನಾಗಿದ್ದರೆ ಒಳ್ಳೆಯದು ಅಂದುಕೊಂಡಿದ್ದ ನನಗೆ ಇದು ಆಶ್ಚರ್ಯ ತಂದಿತು. ದಾನಿಯ ಟಿ-ಕೋಶಗಳಿಗೆ ರೋಗಿಯ ಕ್ಯಾನ್ಸರ್ ಕೋಶ ಸ್ವಲ್ಪ ಪರಕೀಯವಾಗಿ ಕಾಣಬೇಕು. ಆ ಸಣ್ಣ ವ್ಯತ್ಯಾಸವೇ ಔಷಧ. ಅದೇ ಕೋಶಗಳು ರೋಗಿಯ ಚರ್ಮ, ಕರುಳು, ಯಕೃತ್ತನ್ನೂ ಪರಕೀಯವೆಂದು ತಿಳಿದರೆ ಆಗುವುದು ಜಿವಿಎಚ್‌ಡಿ. ಮುಂದೆ ಹೇಳುವ ಪ್ರತಿ ಚಿಕಿತ್ಸೆಯಲ್ಲೂ ಇವೆರಡನ್ನು ಬೇರ್ಪಡಿಸುವ ಪ್ರಯತ್ನ ಇದ್ದೇ ಇದೆ.

ಎರಡನೆಯದು, ಕಾಯಿಲೆ ಈಗ ಎಷ್ಟಿದೆ ಎನ್ನುವುದು. ಕೈಮೆರಿಸಂ ಪರೀಕ್ಷೆ ದಾನಿಯ ಕೋಶಗಳ ಶೇಕಡಾವಾರು ಹೇಳುತ್ತದೆ. ಎಂಆರ್‌ಡಿ ಪರೀಕ್ಷೆ ಸೂಕ್ಷ್ಮದರ್ಶಕಕ್ಕೆ ಕಾಣದಷ್ಟು ಕಡಿಮೆ ಉಳಿದ ಕ್ಯಾನ್ಸರನ್ನು ಹುಡುಕುತ್ತದೆ. ಎರಡೂ ಒಂದೇ ಅಲ್ಲ. ಕೈಮೆರಿಸಂ ಇಳಿದ ಮಾತ್ರಕ್ಕೆ ಕಾಯಿಲೆ ಬಂತು ಎಂದಲ್ಲ, ಅದು ಎಚ್ಚರಿಕೆ. ಅಣ್ಣನ ಎಂಆರ್‌ಡಿ ವರದಿ ಬರುವವರೆಗಿನ ಒಂಬತ್ತು ದಿನ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ. ಕೊನೆಗೆ ಬಂದದ್ದು ಪಾಸಿಟಿವ್, ಆದರೆ ತೀರಾ ಕಡಿಮೆ ಮಟ್ಟದಲ್ಲಿ.

ದಾನಿಯ ಲಿಂಫೋಸೈಟ್: ಹಳೆಯದು, ಆದರೆ ಹಳಸಿಲ್ಲ

ಇದನ್ನು ಆಸ್ಪತ್ರೆಯಲ್ಲಿ ಡಿಎಲ್‌ಐ ಎನ್ನುತ್ತಾರೆ. ಮೊದಲು ಸ್ಟೆಮ್ ಸೆಲ್ ಕೊಟ್ಟ ದಾನಿಯಿಂದಲೇ ಲಿಂಫೋಸೈಟ್‌ಗಳನ್ನು ತೆಗೆದು ರೋಗಿಗೆ ಡ್ರಿಪ್ ಮೂಲಕ ಕೊಡುವುದು. ಕೆಲವೇ ನಿಮಿಷದ ಕೆಲಸ, ಎಷ್ಟೋ ಸಲ ಅದೇ ದಿನ ಮನೆಗೆ ಕಳಿಸುತ್ತಾರೆ. 1990ರಲ್ಲಿ ಮ್ಯೂನಿಕ್‌ನ ಹಾನ್ಸ್-ಯೋಖೆಮ್ ಕೋಲ್ಬ್ ಮತ್ತು ಸಂಗಡಿಗರು ಕಸಿಯ ನಂತರ ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯಾ, ಅಂದರೆ ಸಿಎಂಎಲ್ ಮರುಕಳಿಸಿದ್ದ ಮೂವರಿಗೆ ಹೀಗೆ ದಾನಿಯ ಬಿಳಿ ರಕ್ತಕಣ ಕೊಟ್ಟು ಕಾಯಿಲೆ ಹಿಮ್ಮೆಟ್ಟಿದ್ದನ್ನು ವರದಿ ಮಾಡಿದರು.

ಇಲ್ಲಿ ಒಂದು ಸಣ್ಣ ವಿವರ ನನ್ನ ಮನಸ್ಸಿನಲ್ಲಿ ಕೂತಿದೆ. ಕಸಿಯಾದವರಿಗೆ ಕೊಡುವ ರಕ್ತ ಮತ್ತು ಪ್ಲೇಟ್‌ಲೆಟ್ ಚೀಲಗಳಿಗೆ ಮೊದಲು ವಿಕಿರಣ ಹಾಯಿಸುತ್ತಾರೆ, ಅದರಲ್ಲಿರುವ ಲಿಂಫೋಸೈಟ್‌ಗಳು ಏನೂ ಮಾಡದಂತೆ. ಡಿಎಲ್‌ಐ ಚೀಲಕ್ಕೆ ಮಾತ್ರ ವಿಕಿರಣ ಹಾಯಿಸುವಂತಿಲ್ಲ. ಇಷ್ಟು ದಿನ ಯಾವುದರಿಂದ ಕಾಪಾಡಿದರೋ ಅದನ್ನೇ ಈಗ ಅಳತೆ ಮಾಡಿ ಒಳಗೆ ಬಿಡುತ್ತಾರೆ.

ಅಳತೆಯೇ ಇದರ ಜೀವಾಳ. ಲೆಕ್ಕ ಹಾಕುವುದು ರೋಗಿಯ ಪ್ರತಿ ಕೆ.ಜಿ. ತೂಕಕ್ಕೆ ಎಷ್ಟು ಟಿ-ಕೋಶ ಎಂದು. ಪೂರ್ಣ ಹೊಂದಾಣಿಕೆಯ ಒಡಹುಟ್ಟಿದವರಿಂದಾದರೆ ಸಾಮಾನ್ಯವಾಗಿ 10 ಲಕ್ಷದಿಂದ 1 ಕೋಟಿಯ ಆಸುಪಾಸಿನಲ್ಲಿ ಶುರು ಮಾಡುತ್ತಾರೆ. ಸಂಬಂಧಿಯಲ್ಲದ ದಾನಿಯಾದರೆ ಅದಕ್ಕಿಂತ ಕಡಿಮೆ. ತಂದೆ, ತಾಯಿ, ಮಕ್ಕಳಂಥ ಅರ್ಧ ಹೊಂದಾಣಿಕೆಯ ದಾನಿಯಾದರೆ ಇನ್ನೂ ಕಡಿಮೆ, 1 ಲಕ್ಷದಷ್ಟರಿಂದಲೂ ಆರಂಭಿಸುವುದುಂಟು. ಜಿವಿಎಚ್‌ಡಿ ಬರಲಿಲ್ಲ, ಕಾಯಿಲೆಯೂ ಹೋಗಲಿಲ್ಲ ಎಂದಾದರೆ ಕೆಲವು ವಾರ ಬಿಟ್ಟು ಹೆಚ್ಚಿನ ಡೋಸ್ ಕೊಡುತ್ತಾರೆ. ಮೊದಮೊದಲು ಒಂದೇ ಸಲಕ್ಕೆ ದೊಡ್ಡ ಪ್ರಮಾಣ ಕೊಡುತ್ತಿದ್ದ ಕಾಲದಲ್ಲಿ ಅರ್ಧಕ್ಕೂ ಹೆಚ್ಚು ಜನರಿಗೆ ಜಿವಿಎಚ್‌ಡಿ ಬರುತ್ತಿತ್ತು. ಮೆಟ್ಟಿಲು ಮೆಟ್ಟಿಲಾಗಿ ಏರಿಸುವ ಪದ್ಧತಿ ಆ ಅನುಭವದಿಂದಲೇ ಬಂದದ್ದು.

ಫಲ ಹೇಗೆ? ಕಾಯಿಲೆಯ ಮೇಲೆ ಹೋಗುತ್ತದೆ, ಅದೂ ಬಹಳ. ಯುರೋಪಿನಿಂದ 1995ರಲ್ಲಿ, ಉತ್ತರ ಅಮೆರಿಕದಿಂದ 1997ರಲ್ಲಿ ಬಂದ ಎರಡು ದೊಡ್ಡ ವರದಿಗಳನ್ನು ಒಟ್ಟಿಗಿಟ್ಟು ನೋಡಿದರೆ, ಸಿಎಂಎಲ್‌ನಲ್ಲಿ ಶೇ. 60ರಿಂದ 73ರಷ್ಟು ಮಂದಿಯಲ್ಲಿ ಕಾಯಿಲೆ ಪೂರ್ತಿ ಹಿಮ್ಮೆಟ್ಟಿತು. ಎಎಂಎಲ್‌ನಲ್ಲಿ ಅದು ಶೇ. 15ರಿಂದ 29. ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ, ಅಂದರೆ ಎಎಲ್ಎಲ್‌ನಲ್ಲಿ ಒಂದು ವರದಿಯಲ್ಲಿ ಸೊನ್ನೆ, ಇನ್ನೊಂದರಲ್ಲಿ ಶೇ. 18. ವೇಗದ ಕಾಯಿಲೆ ಓಡುತ್ತಿರುವಾಗ ಟಿ-ಕೋಶಗಳಿಗೆ ಬೆಳೆದು ದಾಳಿ ಮಾಡುವಷ್ಟು ಕಾಲ ಸಿಗುವುದಿಲ್ಲ. ಅವುಗಳ ಪರಿಣಾಮ ಕಾಣಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು.

ಎಎಂಎಲ್‌ನ ಆ ಕಡಿಮೆ ಅಂಕಿ ನೋಡಿ ನಾವು ಕುಸಿದುಹೋಗಿದ್ದೆವು. ವೈದ್ಯರು ಇನ್ನೊಂದು ಅಂಕಿ ತೋರಿಸಿದರು. 2007ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನದಲ್ಲಿ, ಕಾಯಿಲೆ ಮೊದಲೇ ಹತೋಟಿಗೆ ಬಂದಿದ್ದಾಗ ಅಥವಾ ವರ್ಣತಂತುಗಳ ಸ್ಥಿತಿ ಅನುಕೂಲವಾಗಿದ್ದಾಗ ಡಿಎಲ್‌ಐ ಪಡೆದವರಲ್ಲಿ ಎರಡು ವರ್ಷದ ನಂತರ ಶೇ. 56 ಮಂದಿ ಬದುಕಿದ್ದರು. ಕಾಯಿಲೆ ಉರಿಯುತ್ತಿರುವಾಗಲೇ ಪಡೆದವರಲ್ಲಿ ಶೇ. 15. ಚಿಕಿತ್ಸೆ ಅದೇ, ಬದಲಾದದ್ದು ಕೊಟ್ಟ ಹೊತ್ತು. ಎಂಆರ್‌ಡಿ ಹಂತದಲ್ಲೇ ಹಿಡಿದದ್ದು ಯಾಕೆ ಅಷ್ಟು ಮುಖ್ಯ ಎಂದು ನನಗೆ ಅರ್ಥವಾದದ್ದು ಆ ಎರಡು ಅಂಕಿಗಳಿಂದ. ಪೂರ್ತಿ ಮರುಕಳಿಸಿದವರಿಗೆ ಮೊದಲು ಕೀಮೋ ಅಥವಾ ಅಜಾಸಿಟಿಡಿನ್‌ನಂಥ ಔಷಧದಿಂದ ಕಾಯಿಲೆ ತಗ್ಗಿಸಿ, ಆಮೇಲೆ ಅಥವಾ ಜೊತೆಜೊತೆಗೇ ಡಿಎಲ್‌ಐ ಕೊಡುವುದೂ ಇದೇ ಕಾರಣಕ್ಕೆ.

ಯಾರಿಗೆ ಕೊಡುವುದಿಲ್ಲ? ಆಗಲೇ ಜಿವಿಎಚ್‌ಡಿ ಉರಿಯುತ್ತಿದ್ದರೆ ಕೊಡುವುದಿಲ್ಲ. ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆಗಳನ್ನು ನಿಲ್ಲಿಸಲಾಗದ ಸ್ಥಿತಿಯಲ್ಲೂ ಕೊಟ್ಟು ಪ್ರಯೋಜನವಿಲ್ಲ, ಕೋಶಗಳ ಕೈಕಟ್ಟಿ ಯುದ್ಧಕ್ಕೆ ಕಳಿಸಿದಂತೆ ಅದು. ಎಷ್ಟೋ ಸಲ ಮೊದಲ ಹೆಜ್ಜೆ ಆ ಮಾತ್ರೆಗಳನ್ನು ಇಳಿಸುವುದೇ ಆಗಿರುತ್ತದೆ.

ಇನ್ನೊಂದು ಸಂದರ್ಭವಿದೆ, ಅರ್ಧ ಹೊಂದಾಣಿಕೆಯ ದಾನಿಯಿಂದ ಕಸಿಯಾದವರು ಇದನ್ನು ಗಮನವಿಟ್ಟು ಓದಬೇಕು. 2009ರಲ್ಲಿ ಮಿಲಾನ್‌ನ ಸಂಶೋಧಕರು ಕಂಡುಕೊಂಡದ್ದು ಇದು: ಮರುಕಳಿಸಿದ ಲ್ಯುಕೇಮಿಯಾ ಕೋಶಗಳು ಕೆಲವರಲ್ಲಿ ತಮ್ಮ ಆರನೇ ವರ್ಣತಂತುವಿನ ಮೇಲಿನ, ದಾನಿಗೆ ಹೊಂದದ ಎಚ್‌ಎಲ್‌ಎ (ಕಸಿಗೆ ಹೊಂದಾಣಿಕೆ ನೋಡುವ) ಗುರುತನ್ನೇ ಕಳೆದುಕೊಂಡಿರುತ್ತವೆ. ದಾನಿಯ ಟಿ-ಕೋಶ ಯಾವ ಗುರುತು ನೋಡಿ ದಾಳಿ ಮಾಡುತ್ತಿತ್ತೋ ಆ ಗುರುತೇ ಇಲ್ಲ. ಹೀಗಾಗಿದ್ದರೆ ಅದೇ ದಾನಿಯ ಡಿಎಲ್‌ಐಯಿಂದ ಜಿವಿಎಚ್‌ಡಿ ಬಂದೀತೇ ಹೊರತು ಲ್ಯುಕೇಮಿಯಾಕ್ಕೆ ಹೆಚ್ಚೇನೂ ಆಗದು. ಬೇರೆ ದಾನಿಯನ್ನು ಹುಡುಕುವುದು ಉತ್ತಮ ದಾರಿ. ಇದಕ್ಕೆ ಪರೀಕ್ಷೆಯಿದೆ. "ಎಚ್‌ಎಲ್‌ಎ ಲಾಸ್ ನೋಡಿದ್ದೀರಾ?" ಎಂದು ಕೇಳಲು ಹಿಂಜರಿಯಬೇಡಿ. ಅಣ್ಣನದೂ ನನ್ನದೂ ಪೂರ್ಣ ಹೊಂದಾಣಿಕೆಯಾದ್ದರಿಂದ ನಮಗೆ ಅದರ ಅಗತ್ಯ ಬರಲಿಲ್ಲ.

ಕಾರ್-ಟಿ: ಗುರುತು ಸಿಕ್ಕರೆ ಮಾತ್ರ

ರೋಗಿಯ ರಕ್ತದಿಂದ ಟಿ-ಕೋಶ ತೆಗೆದು, ಕ್ಯಾನ್ಸರ್ ಕೋಶದ ಮೇಲಿರುವ ಒಂದು ನಿರ್ದಿಷ್ಟ ಗುರುತನ್ನು ಹಿಡಿಯುವ ಗ್ರಾಹಕವನ್ನು ಅದರೊಳಗೆ ಜೋಡಿಸಿ, ಬೆಳೆಸಿ, ಹಿಂತಿರುಗಿಸುವುದು ಕಾರ್-ಟಿ. ದಾನಿಯ ಕಸಿಯಾದವರಲ್ಲಿ ಇನ್ನೊಂದು ಸ್ವಾರಸ್ಯವಿದೆ. ರೋಗಿಯ ಕೈಯಿಂದ ತೆಗೆದ ರಕ್ತವಾದರೂ ಅದರಲ್ಲಿರುವ ಟಿ-ಕೋಶಗಳು ಹುಟ್ಟಿನಿಂದ ದಾನಿಯವು. ಆದರೂ ಅವುಗಳಿಂದ ಮಾಡಿದ ಕಾರ್-ಟಿಯಲ್ಲಿ ಜಿವಿಎಚ್‌ಡಿ ಅಷ್ಟಾಗಿ ಕಾಣುವುದಿಲ್ಲ.

ಬಿ-ಕೋಶ ಎಂಬ ಇನ್ನೊಂದು ಬಗೆಯ ಲಿಂಫೋಸೈಟ್‌ನಿಂದ ಹುಟ್ಟುವ ಎಎಲ್ಎಲ್‌ಗೆ ಇದು ದೊಡ್ಡ ವರ, ಆ ಮಾತನ್ನು ಹಿಡಿದಿಟ್ಟುಕೊಂಡು ಹೇಳುವ ಅಗತ್ಯವಿಲ್ಲ. 2017ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಮೊದಲ ಅನುಮತಿ ಸಿಕ್ಕ ಟಿಸಾಜೆನ್‌ಲೆಕ್ಲೂಸೆಲ್ 25 ವರ್ಷದೊಳಗಿನವರಿಗೆ. ಅದರ ಮುಖ್ಯ ಪ್ರಯೋಗದಲ್ಲಿದ್ದ 75 ಮಂದಿಯಲ್ಲಿ ಹೆಚ್ಚಿನವರು ಆಗಲೇ ದಾನಿಯ ಕಸಿ ಮಾಡಿಸಿಕೊಂಡು ಮರುಕಳಿಸಿದವರು. ಮೂರು ತಿಂಗಳೊಳಗೆ ಶೇ. 81 ಮಂದಿಯಲ್ಲಿ ಕಾಯಿಲೆ ಹಿಮ್ಮೆಟ್ಟಿತು. ಡಿಎಲ್‌ಐ ಕೈಚೆಲ್ಲಿದ ಕಾಯಿಲೆಯಲ್ಲಿ ಈ ಅಂಕಿ! ವಯಸ್ಕರ ಎಎಲ್ಎಲ್‌ಗೂ 2021ರಿಂದ ಬ್ರೆಕ್ಸುಕ್ಯಾಬ್ಟಜೀನ್ ಇದೆ. ಮಯೆಲೋಮಾದಲ್ಲಿ ಬಿಸಿಎಂಎ ಎಂಬ ಗುರುತಿನ ಮೇಲೆ ಕೆಲಸ ಮಾಡುವ ಎರಡು ಬಗೆ 2021 ಮತ್ತು 2022ರಲ್ಲಿ ಬಂದವು.

ಆದರೆ ಅದೇ ಪ್ರಯೋಗದ ಮುಂದಿನ ಸಾಲುಗಳನ್ನೂ ಓದಬೇಕು. ಶೇ. 77 ಮಂದಿಗೆ ಸೈಟೊಕೈನ್ ಬಿರುಗಾಳಿ ಬಂತು: ಸುಡುವ ಜ್ವರ, ಕುಸಿಯುವ ರಕ್ತದೊತ್ತಡ, ಕೆಲವರಿಗೆ ಐಸಿಯು. ಶೇ. 40 ಮಂದಿಗೆ ಗೊಂದಲ, ಮಾತು ತಡವರಿಸುವುದು, ಸೆಳವಿನಂಥ ನರಸಂಬಂಧಿ ತೊಂದರೆ. ಹೆಚ್ಚಿನವು ಟೊಸಿಲಿಜುಮ್ಯಾಬ್ ಮತ್ತು ಸ್ಟೀರಾಯ್ಡ್‌ಗೆ ಬಗ್ಗುತ್ತವೆ, ಆದರೆ ಮೊದಲ ಕೆಲವು ವಾರ ಆಸ್ಪತ್ರೆಯ ಹತ್ತಿರವೇ ಇರಬೇಕು. ಒಂದು ವರ್ಷದ ಹೊತ್ತಿಗೆ ಮತ್ತೆ ಮರುಕಳಿಸದೆ ಉಳಿದವರು ಸುಮಾರು ಅರ್ಧ. ಮರುಕಳಿಸಿದವರಲ್ಲಿ ಹಲವರ ಕ್ಯಾನ್ಸರ್ ಕೋಶ, ಈ ಕಾರ್-ಟಿ ಹಿಡಿಯುವ ಸಿಡಿ19 ಎಂಬ ಗುರುತನ್ನೇ ಕಳಚಿಕೊಂಡಿತ್ತು. ಅದೇ ಗುರುತನ್ನು ಹಿಡಿಯುವ ಬ್ಲಿನಾಟುಮೊಮ್ಯಾಬ್ ಎಂಬ ಔಷಧವನ್ನು ಮೊದಲು ಪಡೆದವರು ಕಾರ್-ಟಿಗೆ ಮುಂಚೆ ಸಿಡಿ19 ಇನ್ನೂ ಇದೆಯೇ ಎಂದು ಖಚಿತಪಡಿಸಿಕೊಳ್ಳಬೇಕಾದದ್ದು ಇದಕ್ಕೇ. ಒಳ್ಳೆಯ ಬಿ-ಕೋಶಗಳೂ ನಾಶವಾಗುವುದರಿಂದ ಇಮ್ಯುನೊಗ್ಲಾಬ್ಯುಲಿನ್ (ಸೋಂಕು ತಡೆಯುವ ಪ್ರತಿಕಾಯ) ಡ್ರಿಪ್ ದೀರ್ಘಕಾಲ ಬೇಕಾಗಬಹುದು. 2024ರ ಜನವರಿಯಿಂದ ಅಮೆರಿಕದ ಔಷಧ ನಿಯಂತ್ರಕರು ಇನ್ನೊಂದು ಎಚ್ಚರಿಕೆ ಸೇರಿಸಿದ್ದಾರೆ: ಅಪರೂಪಕ್ಕೆ ಟಿ-ಕೋಶದ್ದೇ ಹೊಸ ಕ್ಯಾನ್ಸರ್ ಕಾಣಿಸಿಕೊಳ್ಳಬಹುದು.

ಇನ್ನು ಅತ್ತಿಗೆಯ ಪ್ರಶ್ನೆ. ಎಎಂಎಲ್‌ಗೆ ಯಾಕಿಲ್ಲ? ಬಿ-ಕೋಶಗಳೆಲ್ಲ ಹೋದರೂ ಮನುಷ್ಯ ಬದುಕಬಲ್ಲ, ಹೊರಗಿನಿಂದ ಇಮ್ಯುನೊಗ್ಲಾಬ್ಯುಲಿನ್ ಕೊಡಬಹುದು. ಮೈಲಾಯ್ಡ್ ಕೋಶಗಳ ಕತೆ ಹಾಗಲ್ಲ. ಎಎಂಎಲ್ ಕೋಶಗಳ ಮೇಲಿರುವ ಸಿಡಿ33, ಸಿಡಿ123 ಗುರುತುಗಳು ರಕ್ತ ಹುಟ್ಟಿಸುವ ಆರೋಗ್ಯವಂತ ಕೋಶಗಳ ಮೇಲೂ ಇವೆ. ಅವನ್ನು ಗುರಿಯಾಗಿಸಿದರೆ ಕಾಯಿಲೆಯ ಜೊತೆ ಕಸಿಯೂ ಹೋಗಬಹುದು. ದಾನಿಯ ಸ್ಟೆಮ್ ಸೆಲ್‌ಗಳಿಂದ ಸಿಡಿ33 ಜೀನನ್ನೇ ಕತ್ತರಿಸಿ ಕಸಿ ಮಾಡಿ, ಆಮೇಲೆ ಸಿಡಿ33 ಮೇಲೆ ದಾಳಿ ಮಾಡುವ ಪ್ರಯೋಗಗಳು ನಡೆದಿವೆ, ಆರಂಭದ ಹಂತದಲ್ಲಿ. ವೈದ್ಯರು ಎರಡು ನಿಮಿಷದಲ್ಲಿ ಹೇಳಿದ್ದು ಇದನ್ನೇ.

ಆದ್ದರಿಂದ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಬಿ-ಕೋಶದ ಎಎಲ್ಎಲ್ ಕಸಿಯ ನಂತರ ಮರುಕಳಿಸಿದ್ದರೆ ಡಿಎಲ್‌ಐ ಮೇಲೆ ದಿನ ಕಳೆಯುವ ಮುಂಚೆ ಕಾರ್-ಟಿ ಸಾಧ್ಯವೇ ಎಂದು ಕೇಳಿ. ಯಾಕೆಂದರೆ ಡಿಎಲ್‌ಐ ಪಡೆದ ಕೂಡಲೇ ಕಾರ್-ಟಿಗೆ ಹೋಗಲಾಗದು, ಕೆಲವು ವಾರ ಅಂತರ ಕೇಳುತ್ತಾರೆ. ಕೋಶ ತಯಾರಾಗಲು ಮತ್ತೆ ಕೆಲವು ವಾರ. ಅದುವರೆಗೆ ಕಾಯಿಲೆ ಹಿಡಿದಿಡಬೇಕು. ಅಲ್ಲಿ ಬ್ಲಿನಾಟುಮೊಮ್ಯಾಬ್ ಕೂಡ ಒಂದು ಆಯ್ಕೆ. ಅದು ಕೋಶವಲ್ಲ, ಇರುವ ಟಿ-ಕೋಶವನ್ನೂ ಕ್ಯಾನ್ಸರ್ ಕೋಶವನ್ನೂ ಹತ್ತಿರ ಎಳೆದು ಕೂಡಿಸುವ ಔಷಧ. ತಯಾರಿಗೆ ಕಾಯಬೇಕಿಲ್ಲ, ಆದರೆ ಒಂದೊಂದು ಸರದಿಗೂ 28 ದಿನ ಬಿಡದೆ ಪಂಪ್ ಓಡಬೇಕು.

ಎನ್‌ಕೆ, ಮತ್ತು ಪ್ರಯೋಗದಲ್ಲಿರುವ ಉಳಿದವು

ಎನ್‌ಕೆ ಎಂದರೆ ನ್ಯಾಚುರಲ್ ಕಿಲ್ಲರ್, ಟಿ-ಕೋಶವಲ್ಲದ ಇನ್ನೊಂದು ಬಗೆಯ ರಕ್ಷಣಾ ಕೋಶ. ಅದರ ಆಕರ್ಷಣೆ ಒಂದೇ ಮಾತಿನಲ್ಲಿ: ಬೇರೆಯವರಿಂದ ತಂದರೂ ಜಿವಿಎಚ್‌ಡಿ ತರುವುದಿಲ್ಲ. ದೌರ್ಬಲ್ಯವೂ ಒಂದೇ: ಹೆಚ್ಚು ಕಾಲ ಉಳಿಯುವುದಿಲ್ಲ. 2020ರಲ್ಲಿ ಅಮೆರಿಕದ ಎಂ.ಡಿ. ಆ್ಯಂಡರ್ಸನ್ ಕೇಂದ್ರದವರು ಹೊಕ್ಕುಳಬಳ್ಳಿಯ ರಕ್ತದ ಎನ್‌ಕೆ ಕೋಶಗಳಿಗೆ ಸಿಡಿ19 ಗ್ರಾಹಕ ಜೋಡಿಸಿ 11 ಮಂದಿಗೆ ಕೊಟ್ಟರು. 8 ಮಂದಿಯಲ್ಲಿ ಫಲ ಕಂಡಿತು, ಸೈಟೊಕೈನ್ ಬಿರುಗಾಳಿಯಾಗಲಿ ಜಿವಿಎಚ್‌ಡಿಯಾಗಲಿ ಬರಲಿಲ್ಲ. ಭರವಸೆಯ ಸುದ್ದಿ, ಆದರೆ ಹನ್ನೊಂದು ಜನರದು. ಎನ್‌ಕೆ ಇಂದಿಗೂ ಪ್ರಯೋಗದ ಚೌಕಟ್ಟಿನಲ್ಲಿ ಪಡೆಯಬೇಕಾದದ್ದು. ಪ್ರಯೋಗದ ಹೊರಗೆ ಯಾರಾದರೂ ಖಚಿತ ಗುಣದ ಮಾತಾಡಿ ಕೊಡಲು ಬಂದರೆ ಎದ್ದು ಬನ್ನಿ.

ಎಎಂಎಲ್ ಮನೆಯವನಾಗಿ ನಾನು ಕಣ್ಣಿಟ್ಟಿರುವುದು ಇನ್ನೊಂದರ ಮೇಲೆ. ದಾನಿಯ ಟಿ-ಕೋಶಕ್ಕೆ ಡಬ್ಲ್ಯುಟಿ1 ಎಂಬ ಪ್ರೋಟೀನನ್ನು ಗುರುತಿಸುವ ಗ್ರಾಹಕ ಜೋಡಿಸಿ, ಕಾಯಿಲೆ ಮರುಕಳಿಸುವ ಮುಂಚೆಯೇ ಕೊಡುವ ಪ್ರಯೋಗದ ಫಲ 2019ರಲ್ಲಿ ಪ್ರಕಟವಾಯಿತು. ಅಪಾಯ ಹೆಚ್ಚಿದ್ದ 12 ಮಂದಿಯಲ್ಲಿ, ಮಧ್ಯಮ ಲೆಕ್ಕದಲ್ಲಿ 44 ತಿಂಗಳ ನಂತರವೂ ಯಾರಿಗೂ ಮರುಕಳಿಸಿರಲಿಲ್ಲ. ಹೋಲಿಕೆಯ ಗುಂಪಿನಲ್ಲಿ ಮರುಕಳಿಸದೆ ಬದುಕಿದ್ದವರು ಶೇ. 54. ಇದೂ ಸಣ್ಣ ಸಂಖ್ಯೆಯೇ.

ಹೆಸರು ಒಂದೇ ತರಹ ಇರುವುದರಿಂದ ಗೊಂದಲವಾಗುವ ಒಂದು ಚಿಕಿತ್ಸೆಯಿದೆ: ವೈರಸ್ ವಿರುದ್ಧದ ಟಿ-ಕೋಶ. ಕಸಿಯ ನಂತರ ಹೆಡೆಯೆತ್ತುವ ಸಿಎಂವಿ, ಇಬಿವಿ, ಅಡಿನೊವೈರಸ್ ಸೋಂಕುಗಳಿಗೆ ಅದು. ಇಬಿವಿಯಿಂದ ಬರುವ ಲಿಂಫೋಮಾಗೆ ಯುರೋಪಿನಲ್ಲಿ 2022ರ ಡಿಸೆಂಬರ್‌ನಲ್ಲಿ ಟ್ಯಾಬೆಲೆಕ್ಲೂಸೆಲ್ ಅನುಮತಿ ಪಡೆಯಿತು. ಮೂಲ ಲ್ಯುಕೇಮಿಯಾದ ಮೇಲೆ ಅದರ ಕೆಲಸವಿಲ್ಲ.

ಎರಡನೇ ಕಸಿ

ಇದು ಎಲ್ಲಕ್ಕಿಂತ ಭಾರದ ಆಯ್ಕೆ. ಮೊದಲ ಕಸಿಯ ನಂತರ ಕಾಯಿಲೆ ಎಷ್ಟು ಬೇಗ ಬಂತು ಎನ್ನುವುದು ಬಹುಪಾಲು ನಿರ್ಧರಿಸುತ್ತದೆ. ಆರು ತಿಂಗಳೊಳಗೆ ಬಂದಿದ್ದರೆ ಎರಡನೆಯದರ ಫಲ ಕಳಪೆ. ಒಂದೆರಡು ವರ್ಷ ಚೆನ್ನಾಗಿದ್ದು, ಮತ್ತೆ ಕೀಮೋದಿಂದ ಹತೋಟಿಗೆ ಬಂದು, ದೇಹವೂ ಗಟ್ಟಿಯಿದ್ದರೆ ಗಂಭೀರವಾಗಿ ಯೋಚಿಸುವ ದಾರಿ. ಎಚ್‌ಎಲ್‌ಎ ಗುರುತು ಕಳೆದುಕೊಂಡ ಕಾಯಿಲೆಯಲ್ಲಿ ಬೇರೆ ದಾನಿಯೊಂದಿಗಿನ ಎರಡನೇ ಕಸಿಗೆ ತರ್ಕಬದ್ಧ ಕಾರಣವಿದೆ. ಕಾರ್-ಟಿಯಿಂದ ಹಿಮ್ಮೆಟ್ಟಿದ ಎಎಲ್ಎಲ್‌ನಲ್ಲಿ ಮತ್ತೆ ಕಸಿ ಮಾಡಬೇಕೇ ಬೇಡವೇ ಎಂಬುದರ ಬಗ್ಗೆ ತಜ್ಞರಲ್ಲೇ ಒಮ್ಮತವಿಲ್ಲ. ಇಬ್ಬರು ವೈದ್ಯರು ಎರಡು ಮಾತು ಹೇಳಿದರೆ ಒಬ್ಬರು ತಪ್ಪು ಎಂದುಕೊಳ್ಳಬೇಡಿ.

ದಾನಿಯನ್ನು ಮತ್ತೆ ಕರೆಯುವುದು

ಹೋಲಿಕೆಯ ಪಟ್ಟಿಗಳಲ್ಲಿ ಇದು ಬರುವುದೇ ಇಲ್ಲ. ಡಿಎಲ್‌ಐ ಮತ್ತು ಎರಡನೇ ಕಸಿಗೆ ಇನ್ನೊಬ್ಬ ಮನುಷ್ಯನ ತೋಳು ಬೇಕು. ಸ್ಟೆಮ್ ಸೆಲ್ ಕೊಡುವಾಗ ನಾಲ್ಕೈದು ದಿನ ಚುಚ್ಚುಮದ್ದು ತೆಗೆದುಕೊಂಡು ಸೊಂಟದ ಮೂಳೆ ಸಿಡಿಯುವಂತೆ ನೋವಾಗಿತ್ತು ನನಗೆ. ಲಿಂಫೋಸೈಟ್ ಕೊಡಲು ಸಾಮಾನ್ಯವಾಗಿ ಆ ಚುಚ್ಚುಮದ್ದು ಬೇಡ. ಮೂರು ನಾಲ್ಕು ಗಂಟೆ ಯಂತ್ರದ ಪಕ್ಕ ಕೂರಬೇಕು, ತುಟಿ ಜುಮ್ಮೆಂದರೆ ಕ್ಯಾಲ್ಸಿಯಂ ಕೊಡುತ್ತಾರೆ. ಕೆಲವು ಕಡೆ ಮೊದಲ ದಾನದಲ್ಲೇ ಮಿಕ್ಕ ಕೋಶಗಳನ್ನು ಫ್ರೀಜ್ ಮಾಡಿ ಇಟ್ಟಿರುತ್ತಾರೆ, ಅದನ್ನು ಮೊದಲೇ ಕೇಳಿ. ದಾನಿಗೆ ಬೇಡ ಅನ್ನುವ ಹಕ್ಕಿದೆ. ನನ್ನ ಒಪ್ಪಿಗೆಯನ್ನು ಅಣ್ಣನ ವೈದ್ಯರಲ್ಲದ ಬೇರೊಬ್ಬರು, ಮನೆಯವರಾರೂ ಇಲ್ಲದ ಕೋಣೆಯಲ್ಲಿ ಕೇಳಿದರು. ಹಾಗೆ ಕೇಳಿದ್ದಕ್ಕೆ ನನಗೆ ಇವತ್ತಿಗೂ ಗೌರವವಿದೆ.

ಕೊನೆಗೆ ನಾವು ಹೋದದ್ದು ಡಿಎಲ್‌ಐಗೇ. ಅದರ ಎರಡನೇ ಡೋಸ್ ಆದ ಆರನೇ ವಾರ ಅಣ್ಣನ ಬಾಯಲ್ಲಿ ಬಿಳಿ ಗೆರೆಗಳು ಮೂಡಿದವು, ಖಾರ ಮುಟ್ಟಲಾಗುತ್ತಿರಲಿಲ್ಲ, ಕಣ್ಣು ಒಣಗಿ ಉರಿಯುತ್ತಿತ್ತು. ಸೌಮ್ಯ ಜಿವಿಎಚ್‌ಡಿ. ಅದೇ ತಿಂಗಳು ಎಂಆರ್‌ಡಿ ನೆಗೆಟಿವ್ ಬಂತು, ಕೈಮೆರಿಸಂ ಮತ್ತೆ ನೂರು. ಅತ್ತಿಗೆ ಬಾಯಿಯ ಹುಣ್ಣಿಗೆ ಮುಲಾಮು ಹಚ್ಚುತ್ತಾ ಅತ್ತರು, ಯಾವುದಕ್ಕೆ ಎಂದು ನಾನು ಕೇಳಲಿಲ್ಲ. ಲಿಂಫೋಸೈಟ್ ಕೊಟ್ಟ ದಿನ ನನ್ನಿಂದ ತೆಗೆದ ಕೋಶಗಳನ್ನು ಮೂರು ಚೀಲ ಮಾಡಿದ್ದರು, ಒಂದಕ್ಕಿಂತ ಒಂದರಲ್ಲಿ ಹೆಚ್ಚು ಡೋಸ್. ಎರಡು ಬಳಕೆಯಾದವು. ಮೂರನೆಯದು ಅಣ್ಣನ ಹೆಸರು ಬರೆಸಿಕೊಂಡು ಆಸ್ಪತ್ರೆಯ ದ್ರವ ಸಾರಜನಕದ ತೊಟ್ಟಿಯಲ್ಲಿ ಇನ್ನೂ ಇದೆ.